ಪ್ರಾಚೀನ ಈಜಿಪ್ಟಿನ ರಕ್ಷೆಗಳು ಮತ್ತು ಅವುಗಳ ಸಂಕೇತಾರ್ಥ

ಭಯವು ಎಷ್ಟು ಪ್ರಾಚೀನವೋ ಭಯದಿಂದ ಪಾರಾಗುವ ಉಪಾಯಚಿಂತನೆಯೂ ಅಷ್ಟೇ ಪ್ರಾಚೀನವಾದುದು. ಹಾವು ಚೇಳುಗಳ ಕಡಿತ, ನದಿಯ ಮೊಸಳೆ, ಹೆರಿಗೆಯ ಸಂಕಟ, ಎಳೆಗೂಸಿನ ಅಕಾಲಮರಣ, ಕಟ್ಟಕಡೆಗೆ ಸಾವೆಂಬ ಅರಿಯದ ನಾಡು — ಇವೆಲ್ಲವುಗಳ ನಡುವೆ ಬಾಳಿದ ಪ್ರಾಚೀನ ಈಜಿಪ್ಟಿನ ಜನರು ಕೊರಳಿಗೂ ತೋಳಿಗೂ ಜಡೆಗೂ ಕಟ್ಟಿಕೊಂಡ, ಸತ್ತವರ ಮೈಮೇಲೆ ಇರಿಸಿದ ಚಿಕ್ಕ ಚಿಕ್ಕ ರಕ್ಷೆಗಳು ಇಂದು ಲೋಕದ ಅನೇಕ ವಸ್ತುಸಂಗ್ರಹಾಲಯಗಳಲ್ಲಿ ಸಾವಿರಗಟ್ಟಲೆಯಾಗಿ ಕಾಣಸಿಗುತ್ತವೆ. ಪಿರಮಿಡ್ಡುಗಳು ಅರಸರ ವೈಭವವನ್ನು ಸಾರಿದರೆ, ಬೆರಳ ತುದಿಯಷ್ಟು ಗಾತ್ರದ ಈ ರಕ್ಷೆಗಳು ಅರಸನಿಂದ ಆಳಿನವರೆಗೆ ಎಲ್ಲರ ಅಂತರಂಗದ ಅಳಲನ್ನು ಸಾರುತ್ತವೆ. ಇವುಗಳನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಇವುಗಳ ಹಿಂದಿರುವ ಅರ್ಥವ್ಯವಸ್ಥೆಯನ್ನು ಪರಿಶೀಲಿಸಿದವರಿಗೆ ಒಂದು ಜನಾಂಗದ ಭಾಷೆ, ಪುರಾಣ, ನೀತಿ ಮೂರೂ ಅಲ್ಲಿ ಒಂದೇ ಎಳೆಯಲ್ಲಿ ಪೋಣಿಸಿದಂತೆ ತೋರುತ್ತವೆ.

ಈಜಿಪ್ಟಿನವರು ರಕ್ಷೆಯನ್ನು ‘ಮೆಕೆತ್’, ‘ನೆಹೆತ್’, ‘ಸಾ’ ಎಂಬ ಹೆಸರುಗಳಿಂದ ಕರೆಯುತ್ತಿದ್ದರು. ಈ ಮೂರು ಪದಗಳೂ ಕಾಪಾಡುವುದು, ಕಾವಲಿರುವುದು ಎಂಬ ಅರ್ಥದ ಧಾತುಗಳಿಂದ ಹುಟ್ಟಿದವು. ‘ವೆಜಾ’ ಎಂಬ ನಾಲ್ಕನೆಯ ಪದವು ಕುಂದಿಲ್ಲದಿರುವಿಕೆ, ಕ್ಷೇಮ ಎಂಬ ಅರ್ಥದ ಪದದೊಡನೆ ಧ್ವನಿಸಾಮ್ಯವುಳ್ಳದ್ದು. ಕೇಡನ್ನು ತಡೆಯುವುದು ಮತ್ತು ಕ್ಷೇಮವನ್ನು ತುಂಬುವುದು — ಈ ಎರಡೂ ಉದ್ದೇಶಗಳು ಹೆಸರಿನಲ್ಲಿಯೇ ಅಡಗಿವೆ. ಕನ್ನಡದ ‘ರಕ್ಷೆ’ ಎಂಬ ಮಾತು ಇವುಗಳಿಗೆ ಅತ್ಯಂತ ಸಮೀಪವಾದುದು.

ಈ ಸಂಪ್ರದಾಯದ ಆಯುಷ್ಯ ಅಚ್ಚರಿ ತರುವಷ್ಟು ದೀರ್ಘವಾದುದು. ನೈಲ್ ನದಿಯ ದಂಡೆಯ ಬದಾರಿ ಎಂಬಲ್ಲಿ ದೊರೆತ, ಕ್ರಿ.ಪೂ. ಸುಮಾರು ೪೪೦೦ರಿಂದ ೪೦೦೦ದ ಅವಧಿಗೆ ಸೇರಿದ ಗೋರಿಗಳಲ್ಲಿಯೇ ನೀರಾನೆಯ ಆಕಾರದ ಮತ್ತು ಜಿಂಕೆಯ ತಲೆಯ ಆಕಾರದ ರಕ್ಷೆಗಳು ಸಿಕ್ಕಿವೆ. ಆಗ ಇನ್ನೂ ಲಿಪಿ ಹುಟ್ಟಿರಲಿಲ್ಲ. ಫೇರೋಗಳ ಆಳ್ವಿಕೆ ಆರಂಭವಾಗಿರಲಿಲ್ಲ. ಅಲ್ಲಿಂದ ಮೊದಲಾದ ಈ ಪದ್ಧತಿ ರೋಮನರ ಕಾಲದವರೆಗೂ, ಅಂದರೆ ನಾಲ್ಕು ಸಾವಿರ ವರ್ಷಗಳಿಗೂ ಮಿಕ್ಕಿ ನಡೆದುಬಂದಿತು. ಇವುಗಳನ್ನು ಶಾಸ್ತ್ರೀಯವಾಗಿ ವರ್ಗೀಕರಿಸಿದವರಲ್ಲಿ ಫ್ಲಿಂಡರ್ಸ್ ಪೆಟ್ರಿ ಅಗ್ರಗಣ್ಯರು. ಅವರು ೧೯೧೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ರಕ್ಷೆಗಳನ್ನು ಸಾದೃಶ್ಯದಿಂದ ಫಲ ಕೊಡುವಂಥವು, ಶಕ್ತಿ ನೀಡುವಂಥವು, ಸತ್ತವನ ಆಸ್ತಿಯನ್ನು ಪ್ರತಿನಿಧಿಸುವಂಥವು, ಕೇಡಿನಿಂದ ಕಾಯುವಂಥವು, ದೇವತಾರೂಪಗಳು ಎಂದು ಐದು ಬಗೆಯಾಗಿ ವಿಂಗಡಿಸಿದರು. ಮುಂದಿನ ವಿದ್ವಾಂಸರು ಈ ವಿಂಗಡಣೆಯನ್ನು ತಿದ್ದಿದ್ದಾರಾದರೂ ಅಧ್ಯಯನದ ಅಡಿಗಲ್ಲು ಅದೇ ಆಗಿದೆ.

ರೂಪ, ವರ್ಣ, ದ್ರವ್ಯ

ಈಜಿಪ್ಟಿನ ರಕ್ಷೆಯೊಂದು ಸಾರ್ಥಕವಾಗಬೇಕಾದರೆ ಐದು ಅಂಗಗಳು ಕೂಡಿಬರಬೇಕು: ಅದರ ಆಕಾರ, ಬಣ್ಣ, ಮಾಡಿದ ದ್ರವ್ಯ, ಅದರ ಮೇಲೆ ಉಚ್ಚರಿಸಿದ ಮಂತ್ರ, ಅದನ್ನು ಇರಿಸಿದ ಸ್ಥಾನ. ಇವುಗಳಲ್ಲಿ ಆಕಾರದ ವಿಚಾರ ಸಾಹಿತ್ಯಾಭ್ಯಾಸಿಗಳಿಗೆ ವಿಶೇಷವಾಗಿ ಕುತೂಹಲಕರವಾದುದು. ಈಜಿಪ್ಟಿನ ಲಿಪಿ ಚಿತ್ರಲಿಪಿ. ಅಲ್ಲಿ ಚಿತ್ರವೇ ಅಕ್ಷರ, ಅಕ್ಷರವೇ ಚಿತ್ರ. ಆದುದರಿಂದ ಅನೇಕ ರಕ್ಷೆಗಳು ಕಲ್ಲಿನಲ್ಲಿ ಕಡೆದ ಅಕ್ಷರಗಳೇ ಆಗಿವೆ. ಪ್ಯಾಪಿರಸ್ ಜೊಂಡಿನ ಕಂಬದ ರೂಪದ ರಕ್ಷೆಗೆ ‘ವಜ್’ ಎಂದು ಹೆಸರು. ಆ ಪದಕ್ಕೆ ಹಸಿರು, ಎಳತನ, ಚಿಗುರುವುದು, ಸಮೃದ್ಧವಾಗುವುದು ಎಂಬ ಅರ್ಥಗಳೂ ಇವೆ. ಹಸಿರು ಕಲ್ಲಿನಲ್ಲಿ ಮಾಡಿದ ಜೊಂಡಿನ ಕಂಬವನ್ನು ಧರಿಸಿದವನು ‘ಚಿಗುರು’ ಎಂಬ ಮಾತನ್ನೇ ಮೈಮೇಲೆ ಧರಿಸಿದಂತಾಯಿತು. ಕಾವ್ಯದಲ್ಲಿ ಶ್ಲೇಷವು ಅಲಂಕಾರ. ಈಜಿಪ್ಟಿನ ಧರ್ಮದಲ್ಲಿ ಅದು ತತ್ತ್ವ. ಎರಡು ವಸ್ತುಗಳ ಹೆಸರು ಒಂದೇ ಬಗೆಯಾಗಿ ಧ್ವನಿಸಿದರೆ ಅವುಗಳ ನಡುವೆ ನಿಜವಾದ ಸಂಬಂಧವಿದೆಯೆಂದು ಅವರು ನಂಬಿದ್ದರು.

ಬಣ್ಣ ಮತ್ತು ದ್ರವ್ಯಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ತುಕ್ಕು ಹಿಡಿಯದ ಚಿನ್ನವು ಸೂರ್ಯನ ಲೋಹ, ದೇವತೆಗಳ ಮಾಂಸ. ಬೆಳ್ಳಿ ಅವರ ಎಲುಬು. ಕೆಂಪು ಬಣ್ಣದ ಕಾರ್ನೀಲಿಯನ್ ಮತ್ತು ಜಾಸ್ಪರ್ ಕಲ್ಲುಗಳು ರಕ್ತಕ್ಕೂ ಜೀವಚೈತನ್ಯಕ್ಕೂ ಸಂಕೇತ. ಸಿನಾಯ್ ಪ್ರದೇಶದ ಗಣಿಗಳಿಂದ ತಂದ ಟರ್ಕಾಯಿಸ್ ಕಲ್ಲು ಹೊಸ ಹುಟ್ಟಿನ ಬಣ್ಣದ್ದು. ಹೊಂಬಣ್ಣದ ಚುಕ್ಕೆಗಳುಳ್ಳ ಕಡುನೀಲಿಯ ರಾಜಾವರ್ತ ಶಿಲೆಯು ನಕ್ಷತ್ರಖಚಿತವಾದ ಇರುಳಿನ ಬಾನನ್ನು ನೆನಪಿಗೆ ತರುವಂಥದು. ಅದು ದೂರದ ಆಫ್ಘಾನಿಸ್ತಾನದ ಬದಕ್ಷಾನ್ ಪರ್ವತಗಳಿಂದ ಬರಬೇಕಾಗಿತ್ತು. ಇಷ್ಟು ಬೆಲೆಯುಳ್ಳ ಕಲ್ಲು ಬಡವರಿಗೆ ಎಟುಕುವಂತಿರಲಿಲ್ಲ. ಬೆಣಚುಕಲ್ಲಿನ ಪುಡಿಗೆ ಸುಣ್ಣವನ್ನೂ ಕ್ಷಾರವನ್ನೂ ಬೆರೆಸಿ, ತಾಮ್ರದ ಅಂಶದಿಂದ ನೀಲಿ-ಹಸಿರು ಮೆರುಗು ಬರುವಂತೆ ಸುಟ್ಟು ತಯಾರಿಸುವ ಫೇಯೆನ್ಸ್ ಎಂಬ ವಸ್ತುವನ್ನು ಅದಕ್ಕೆ ಬದಲಾಗಿ ಬಳಸಿದರು. ಅದನ್ನು ಅವರು ‘ಚೆಹೆನೆತ್’, ಅಂದರೆ ‘ಹೊಳೆಯುವುದು’, ಎಂದು ಕರೆದರು. ಮಣ್ಣಿನ ಅಚ್ಚಿನಲ್ಲಿ ಒತ್ತಿ ಮಾಡಬಹುದಾದ ಈ ವಸ್ತುವಿನಿಂದಾಗಿ ರಕ್ಷೆಯು ಗುಡಿಸಲಿಗೂ ತಲುಪಿತು. ಬಣ್ಣ ಸರಿಯಾಗಿದ್ದರೆ ಫಲವೂ ಸಮವೇ ಎಂಬುದು ನಂಬಿಕೆ.

ಜೀರುಂಡೆ, ಕಣ್ಣು, ಕಂಬ, ಗಂಟು

ಈಜಿಪ್ಟಿನ ರಕ್ಷೆಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವಾದುದು ಸ್ಕ್ಯಾರಬ್ ಎಂದು ಹೆಸರಾದ ಜೀರುಂಡೆ. ಸಗಣಿಯನ್ನು ಉಂಡೆಗಟ್ಟಿ ಹಿಂಗಾಲುಗಳಿಂದ ಉರುಳಿಸಿಕೊಂಡು ಹೋಗುವ ಈ ಕ್ಷುದ್ರ ಕೀಟದಲ್ಲಿ ಈಜಿಪ್ಟಿನವರು ಸೂರ್ಯಬಿಂಬವನ್ನು ಆಕಾಶದುದ್ದಕ್ಕೂ ಉರುಳಿಸುವ ದೈವವನ್ನು ಕಂಡರು. ನೆಲದೊಳಗೆ ಹೂತ ಉಂಡೆಯಿಂದ ಮರಿಹುಳುಗಳು ಹೊರಬರುವುದನ್ನು ಕಂಡು ಇದು ತನಗೆ ತಾನೇ ಹುಟ್ಟುವ ಜೀವಿಯೆಂದು ಬಗೆದರು. ಅದರ ಚಿತ್ರಾಕ್ಷರದಿಂದ ಬರೆಯುವ ‘ಖೆಪೆರ್’ ಎಂಬ ಕ್ರಿಯಾಪದಕ್ಕೆ ‘ಆಗುವುದು, ಅಸ್ತಿತ್ವಕ್ಕೆ ಬರುವುದು’ ಎಂಬ ಅರ್ಥವಿದೆ. ಉದಯಸೂರ್ಯನ ಹೆಸರು ಖೆಪ್ರಿ. ದಿನದಿನವೂ ಮುಳುಗಿ ದಿನದಿನವೂ ಹುಟ್ಟುವ ಸೂರ್ಯನಂತೆ ತಾನೂ ಮತ್ತೆ ‘ಆಗಬೇಕು’ ಎಂಬ ಮಾನವನ ಹಂಬಲಕ್ಕೆ ಸಗಣಿಯ ಹುಳು ಸಂಕೇತವಾದುದು ಇಲ್ಲಿ ಗಮನಾರ್ಹ. ಹೀನವೆಂದು ಕಾಣುವುದರಲ್ಲಿ ದಿವ್ಯವನ್ನು ಕಾಣುವ ದೃಷ್ಟಿ ಅದು. ಇವುಗಳ ಚಪ್ಪಟೆಯಾದ ಅಡಿಭಾಗದಲ್ಲಿ ಹೆಸರು, ದೇವತಾನಾಮ, ಶುಭವಚನಗಳನ್ನು ಕೊರೆದು ಮುದ್ರೆಯಾಗಿಯೂ ಬಳಸುತ್ತಿದ್ದರು.

ಎರಡನೆಯದು ‘ವೆಜಾತ್’ ಎಂಬ ಹೋರಸ್ ದೇವನ ಕಣ್ಣು. ತಂದೆಯಾದ ಒಸಿರಿಸನನ್ನು ಕೊಂದ ಸೇತನೊಡನೆ ಹೋರಸನು ಹೋರಾಡಿದಾಗ ಅವನ ಕಣ್ಣು ಹಾಳಾಯಿತೆಂದೂ ಜ್ಞಾನದೇವತೆಯಾದ ಥೋತನು ಅದನ್ನು ಸರಿಪಡಿಸಿದನೆಂದೂ ಪುರಾಣ ಹೇಳುತ್ತದೆ. ಹೋರಸನು ಮರಳಿ ಪಡೆದ ಆ ಕಣ್ಣನ್ನು ಸತ್ತ ತಂದೆಗೆ ಅರ್ಪಿಸಲು, ಒಸಿರಿಸನು ಜೀವ ಪಡೆದನು. ವೆಜಾತ್ ಎಂದರೆ ‘ಕುಂದು ನೀಗಿದುದು’. ಮನುಷ್ಯನ ಕಣ್ಣು ಹುಬ್ಬುಗಳಿಗೆ ಡೇಗೆಯ ಕೆನ್ನೆಯ ಗುರುತುಗಳನ್ನು ಸೇರಿಸಿ ಇದನ್ನು ರೂಪಿಸಿದ್ದಾರೆ. ಎಂದೂ ಗಾಯಗೊಳ್ಳದ ಕಣ್ಣು ಪೂಜ್ಯವಾಗಲಿಲ್ಲ; ಗಾಯಗೊಂಡು ಗುಣವಾದ ಕಣ್ಣು ಪೂಜ್ಯವಾಯಿತು. ಶವಸಂಸ್ಕಾರದ ವೇಳೆ ಒಳಅಂಗಗಳನ್ನು ತೆಗೆಯಲು ಎಡ ಪಕ್ಕೆಯಲ್ಲಿ ಮಾಡಿದ ಸೀಳಿನ ಮೇಲೆ ಈ ಕಣ್ಣಿನ ಚಿತ್ರವುಳ್ಳ ತಗಡನ್ನು ಇಡುತ್ತಿದ್ದುದೂ ಇದೇ ಕಾರಣದಿಂದ. ತಾನಿಸ್ ನಗರದಲ್ಲಿ ಪಿಯೆರ್ ಮೋಂತೆ ಅವರು ೧೯೪೦ರಲ್ಲಿ ತೆರೆದ ಒಂದನೆಯ ಪ್ಸುಸೆನ್ನೆಸ್ ಅರಸನ ಸಮಾಧಿಯಲ್ಲಿ ಇಂಥ ಚಿನ್ನದ ತಗಡು ದೊರೆತಿದೆ. ಈ ಕಣ್ಣಿನ ಭಾಗಗಳೇ ಧಾನ್ಯದ ಅಳತೆಯ ಭಿನ್ನರಾಶಿಗಳ ಚಿಹ್ನೆಗಳೆಂದು ಹಿಂದಿನ ಗ್ರಂಥಗಳಲ್ಲಿ ಹೇಳಿರುವುದುಂಟು. ಈಚಿನ ಗಣಿತೇತಿಹಾಸಜ್ಞರು ಆ ಮತವನ್ನು ಪ್ರಶ್ನಿಸಿದ್ದಾರೆ.

ಮೂರನೆಯದು ‘ಜೆದ್’ ಕಂಬ. ಮೇಲ್ತುದಿಯಲ್ಲಿ ಅಡ್ಡಪಟ್ಟಿಗಳುಳ್ಳ ಈ ಕಂಬವು ಸ್ಥಿರತೆ ಎಂಬ ಅರ್ಥದ ಅಕ್ಷರ. ಮೊದಲು ಮೆಂಫಿಸ್ ನಗರದ ದೇವತೆಗಳೊಡನೆ ಸಂಬಂಧಿಸಿದ್ದ ಇದು ಕ್ರಮೇಣ ಒಸಿರಿಸನ ಬೆನ್ನೆಲುಬೆಂದು ಪರಿಗಣಿತವಾಯಿತು. ಬಿದ್ದ ಕಂಬವನ್ನು ಎತ್ತಿ ನಿಲ್ಲಿಸುವ ಉತ್ಸವವೇ ಇತ್ತು. ಸತ್ತವನು ಮತ್ತೆ ಬೆನ್ನು ನೇರಮಾಡಿ ಏಳಬೇಕೆಂಬುದು ಇದರ ಇಂಗಿತ. ಇದರ ಜೊತೆಗೆ ಬರುವುದು ‘ತಿತ್’ ಎಂಬ ಗಂಟು. ಸೊಂಟಪಟ್ಟಿಯ ಕುಣಿಕೆಯಂತಿರುವ ಇದು ಐಸಿಸ್ ದೇವಿಯ ಗಂಟು. ಅವಳ ರಕ್ತದೊಡನೆ ಸಂಬಂಧಿಸಿದುದಾದ್ದರಿಂದ ಕೆಂಪು ಜಾಸ್ಪರಿನಲ್ಲಿ ಮಾಡಬೇಕೆಂದು ವಿಧಿ. ‘ಮೃತರ ಪುಸ್ತಕ’ವೆಂದು ಪ್ರಸಿದ್ಧವಾದ ಮಂತ್ರಸಂಗ್ರಹದ ೧೫೫ನೆಯ ಅಧ್ಯಾಯ ಚಿನ್ನದ ಜೆದ್ ಕಂಬಕ್ಕೂ ೧೫೬ನೆಯದು ಕೆಂಪು ಗಂಟಿಗೂ ಮೀಸಲಾಗಿವೆ. ಒಂದು ಗಂಡನ ಬೆನ್ನೆಲುಬು, ಇನ್ನೊಂದು ಹೆಂಡತಿಯ ಬಿಗಿದ ಗಂಟು. ಚೂರುಚೂರಾದ ಗಂಡನ ದೇಹವನ್ನು ಹುಡುಕಿ ಜೋಡಿಸಿದ ಐಸಿಸಳ ಕಥೆಯನ್ನು ಬಲ್ಲವರಿಗೆ ಈ ಜೋಡಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಅಂಖ್’ ಎಂಬ ಜೀವಚಿಹ್ನೆ ಇವೆಲ್ಲಕ್ಕಿಂತ ಹೆಚ್ಚು ಪರಿಚಿತವಾದುದು. ಇದರ ಮೂಲ ಪಾದರಕ್ಷೆಯ ಪಟ್ಟಿಯೋ ಬಟ್ಟೆಯ ಗಂಟೋ ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ದೇವತೆಗಳು ಇದನ್ನು ಅರಸನ ಮೂಗಿನ ಬಳಿ ಹಿಡಿದು ಪ್ರಾಣವಾಯುವನ್ನು ನೀಡುವ ದೃಶ್ಯ ದೇವಾಲಯಗಳ ಗೋಡೆಗಳಲ್ಲಿ ಸಾಮಾನ್ಯ. ಮುಂದೆ ಈಜಿಪ್ಟಿನ ಕ್ರೈಸ್ತರು ಇದನ್ನೇ ಶಿಲುಬೆಯ ಒಂದು ರೂಪವಾಗಿ ಸ್ವೀಕರಿಸಿದರು. ಧರ್ಮ ಬದಲಾದರೂ ಚಿಹ್ನೆ ಉಳಿಯಿತು.

ಮನೆಯೊಳಗಿನ ರಕ್ಷೆ

ರಕ್ಷೆಗಳೆಂದರೆ ಗೋರಿಯ ವಸ್ತುಗಳೆಂಬ ಭಾವನೆ ಸರಿಯಲ್ಲ. ಬದುಕಿರುವವರಿಗೆ, ಅದರಲ್ಲಿಯೂ ಬಸಿರಿ ಬಾಣಂತಿಯರಿಗೆ ಮತ್ತು ಮಕ್ಕಳಿಗೆ, ಅವು ನಿತ್ಯದ ಆಸರೆಯಾಗಿದ್ದವು. ನೀರಾನೆಯ ಮೈ, ಸಿಂಹದ ಕಾಲು, ಮೊಸಳೆಯ ಬೆನ್ನು, ತುಂಬುಬಸಿರಿನ ಹೊಟ್ಟೆಯುಳ್ಳ ತವೆರೆತ್ ದೇವಿ ಹೆರಿಗೆಯ ಕಾವಲುಗಾರ್ತಿ. ನಾಲಗೆ ಚಾಚಿದ, ಸಿಂಹದ ಕೇಸರದ ಕುಳ್ಳ ದೇವತೆ ಬೆಸ್ ತಾಯಿಮಕ್ಕಳ ಬಳಿ ಸುಳಿಯುವ ದುಷ್ಟಶಕ್ತಿಗಳನ್ನು ಹೆದರಿಸಿ ಓಡಿಸುವವನು. ಮರಿಗಳನ್ನು ಅಸಂಖ್ಯವಾಗಿ ಹಡೆಯುವ ಕಪ್ಪೆಯು ಹೆಕೆತ್ ಎಂಬ ಪ್ರಸೂತಿದೇವತೆಯ ರೂಪ. ಕ್ರಿ.ಪೂ. ೧೪ನೆಯ ಶತಮಾನದಲ್ಲಿ ಅಖೆನಾತನ್ ಅರಸನು ಅತೆನ್ ಎಂಬ ಸೂರ್ಯಬಿಂಬವೊಂದನ್ನೇ ದೇವರೆಂದು ಸಾರಿ ಇತರ ದೇವತೆಗಳ ಆರಾಧನೆಯನ್ನು ಅಡಗಿಸಲೆತ್ನಿಸಿದುದು ಇತಿಹಾಸಪ್ರಸಿದ್ಧ. ಆದರೆ ಅವನ ರಾಜಧಾನಿಯಾಗಿದ್ದ ಅಮರ್ನಾದ ಮನೆಗಳಲ್ಲಿಯೇ ಬೆಸ್ ಮತ್ತು ತವೆರೆತ್ ರಕ್ಷೆಗಳು ದೊರೆತಿವೆ. ೧೮೯೧-೯೨ರಲ್ಲಿ ಅಲ್ಲಿ ಉತ್ಖನನ ನಡೆಸಿದ ಪೆಟ್ರಿಯವರಿಗೆ ಫೇಯೆನ್ಸ್ ಒಡವೆಗಳನ್ನು ಒತ್ತುವ ಮಣ್ಣಿನ ಅಚ್ಚುಗಳು ಸಾವಿರಗಟ್ಟಲೆ ಸಿಕ್ಕವು. ಅರಸನ ಆಜ್ಞೆ ದೇವಾಲಯದ ಬಾಗಿಲನ್ನು ಮುಚ್ಚಬಲ್ಲದು. ತೊಟ್ಟಿಲ ಬಳಿಯ ಭಯವನ್ನು ಮುಚ್ಚಲಾರದು.

ಮಕ್ಕಳ ಜಡೆಗೆ ಮೀನಿನ ಆಕಾರದ ರಕ್ಷೆಯನ್ನು ಕಟ್ಟುವ ಪದ್ಧತಿಯಿತ್ತು. ನೀರಿನಲ್ಲಿ ಮೀನು ಮುಳುಗಿ ಸಾಯದು. ಅಂತೆಯೇ ಮಗುವೂ ಮುಳುಗದಿರಲಿ ಎಂಬುದು ಆಶಯ. ವೆಸ್ಟ್‌ಕಾರ್ ಪ್ಯಾಪಿರಸ್ ಎಂಬ ಹಸ್ತಪ್ರತಿಯಲ್ಲಿ ಇದರ ಕುರಿತು ಒಂದು ಸೊಗಸಾದ ಕಥೆಯಿದೆ. ಬೇಸರಗೊಂಡ ಸ್ನೆಫ್ರು ಅರಸನ ಮನರಂಜನೆಗಾಗಿ ಇಪ್ಪತ್ತು ಮಂದಿ ತರುಣಿಯರು ಕೊಳದಲ್ಲಿ ದೋಣಿ ನಡೆಸುತ್ತಿರುತ್ತಾರೆ. ಅವರಲ್ಲೊಬ್ಬಳ ಟರ್ಕಾಯಿಸಿನ ಮೀನುರಕ್ಷೆ ಜಾರಿ ನೀರಿಗೆ ಬೀಳುತ್ತದೆ. ಅವಳು ಹುಟ್ಟುಹಾಕುವುದನ್ನು ನಿಲ್ಲಿಸುತ್ತಾಳೆ. ಅರಸನು ಬೇರೊಂದನ್ನು ಕೊಡುವೆನೆಂದರೂ ಒಪ್ಪದೆ ತನ್ನದೇ ಬೇಕೆನ್ನುತ್ತಾಳೆ. ಆಗ ಜಾಜಾಎಮಂಖ್ ಎಂಬ ಮಂತ್ರಜ್ಞನು ಕೊಳದ ಅರ್ಧದ ನೀರನ್ನು ಇನ್ನರ್ಧದ ಮೇಲೆ ಮಡಿಸಿಟ್ಟು, ತಳದಲ್ಲಿ ಬಿದ್ದಿದ್ದ ರಕ್ಷೆಯನ್ನು ಎತ್ತಿಕೊಟ್ಟು, ನೀರನ್ನು ಮತ್ತೆ ಮೊದಲಿನಂತೆ ಹರಡುತ್ತಾನೆ. ಹನ್ನೆರಡು ಮೊಳವಿದ್ದ ಆಳ ಮಡಿಸಿದಾಗ ಇಪ್ಪತ್ತನಾಲ್ಕು ಮೊಳವಾಯಿತೆಂದು ಕಥೆಗಾರ ಲೆಕ್ಕವನ್ನೂ ಕೊಡುತ್ತಾನೆ. ಅರಸನ ಕೊಡುಗೆಗಿಂತ ತನ್ನ ಜಡೆಯ ರಕ್ಷೆಯೇ ಹೆಚ್ಚೆಂದ ಆ ಹುಡುಗಿಯ ಹಟದಲ್ಲಿ ಜನಸಾಮಾನ್ಯರ ಮನಸ್ಸು ವ್ಯಕ್ತವಾಗಿದೆ.

ಮುಂದೆ, ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭದಲ್ಲಿ, ಬರಹರೂಪದ ರಕ್ಷೆಗಳು ಬಳಕೆಗೆ ಬಂದವು. ದೇವತೆಯು ಇಂಥ ಮಗುವನ್ನು ಇಂಥಿಂಥ ರೋಗಗಳಿಂದ, ಹಾವು ಚೇಳುಗಳಿಂದ, ಕೆಟ್ಟ ಕನಸುಗಳಿಂದ ಕಾಪಾಡುವೆನೆಂದು ವಾಗ್ದಾನವಿತ್ತಂತೆ ಉದ್ದನೆಯ ಕಿರಿದಾದ ಪ್ಯಾಪಿರಸ್ ಪಟ್ಟಿಯಲ್ಲಿ ಬರೆದು, ಸುರುಳಿ ಸುತ್ತಿ, ಕೊಳವೆಯಲ್ಲಿಟ್ಟು ಕೊರಳಿಗೆ ತೂಗಹಾಕುತ್ತಿದ್ದರು. ಇಂಥ ಬರಹಗಳನ್ನು ಎಡ್ವರ್ಡ್ಸ್ ಎಂಬ ವಿದ್ವಾಂಸರು ೧೯೬೦ರಲ್ಲಿ ಸಂಪಾದಿಸಿ ಪ್ರಕಟಿಸಿದರು. ತಾಯಿತವನ್ನು ಬಲ್ಲ ಕನ್ನಡಿಗರಿಗೆ ಈ ಕೊಳವೆಯ ಸ್ವರೂಪವನ್ನು ವಿವರಿಸಬೇಕಾಗಿಲ್ಲ.

ಹೃದಯದ ಸಾಕ್ಷಿ

ಈವರೆಗಿನ ರಕ್ಷೆಗಳು ಹೊರಗಿನ ಕೇಡಿನಿಂದ ಕಾಯುವಂಥವು. ಒಳಗಿನಿಂದಲೇ ಬರುವ ಕೇಡಿಗೂ ಈಜಿಪ್ಟಿನವರು ಒಂದು ರಕ್ಷೆಯನ್ನು ಕಲ್ಪಿಸಿದ್ದರು. ಅವರ ಧರ್ಮಚಿಂತನೆಯ ಅತ್ಯಂತ ಗಹನವಾದ ಪ್ರಶ್ನೆ ಅಡಗಿರುವುದು ಇಲ್ಲಿಯೇ.

ಬುದ್ಧಿ, ಸ್ಮೃತಿ, ಇಚ್ಛೆಗಳಿಗೆಲ್ಲ ಹೃದಯವೇ ನೆಲೆಯೆಂದು ಅವರು ತಿಳಿದಿದ್ದರು. ಶವಸಂಸ್ಕಾರದಲ್ಲಿ ಮಿದುಳನ್ನು ಹೊರತೆಗೆದು ಎಸೆದರೂ ಹೃದಯವನ್ನು ದೇಹದಲ್ಲಿಯೇ ಉಳಿಸುತ್ತಿದ್ದರು. ಸತ್ತವನು ಒಸಿರಿಸನ ಸಭೆಗೆ ಬಂದಾಗ ಅವನ ಹೃದಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಯೂ ಸತ್ಯ-ಋತಗಳ ದೇವಿಯಾದ ಮಾತಳ ಗರಿಯನ್ನು ಇನ್ನೊಂದರಲ್ಲಿಯೂ ಇಟ್ಟು ತೂಗುತ್ತಾರೆ. ಥೋತನು ಫಲಿತಾಂಶವನ್ನು ಬರೆದುಕೊಳ್ಳುತ್ತಾನೆ. ಹೃದಯ ಭಾರವಾದರೆ ಮೊಸಳೆಯ ತಲೆ, ಸಿಂಹದ ಮುಂಭಾಗ, ನೀರಾನೆಯ ಹಿಂಭಾಗವುಳ್ಳ ಅಮ್ಮಿತ್ ಎಂಬ ಪ್ರಾಣಿ ಅದನ್ನು ನುಂಗಿಬಿಡುತ್ತದೆ. ಆ ಬಳಿಕ ಅವನಿಗೆ ಬಾಳೆಂಬುದಿಲ್ಲ. ಈ ತೂಕದ ವೇಳೆ ಹೃದಯವು ಒಡೆಯನ ವಿರುದ್ಧ ಸಾಕ್ಷಿ ನುಡಿದರೆ ಗತಿಯೇನು? ಅದಕ್ಕಾಗಿಯೇ ಹೃದಯ-ಸ್ಕ್ಯಾರಬ್ ಎಂಬ ದೊಡ್ಡ ಜೀರುಂಡೆಯನ್ನು ಹಸಿರು ಕಲ್ಲಿನಲ್ಲಿ ಕಡೆದು, ಚಿನ್ನದ ಕಟ್ಟು ಹಾಕಿ, ಎದೆಯ ಮೇಲೆ ಇರಿಸುತ್ತಿದ್ದರು. ‘ಮೃತರ ಪುಸ್ತಕ’ದ ಮೂವತ್ತನೆಯ ಅಧ್ಯಾಯದ ಮಂತ್ರವನ್ನು ಅದರ ಅಡಿಯಲ್ಲಿ ಕೊರೆಯಲಾಗುತ್ತಿತ್ತು. ತಾಯಿಯಿಂದ ಪಡೆದ ಹೃದಯವನ್ನು ಸಂಬೋಧಿಸಿ, ನ್ಯಾಯಸಭೆಯಲ್ಲಿ ತನಗೆ ಎದುರಾಗಿ ನಿಲ್ಲದಿರುವಂತೆ ಬೇಡಿಕೊಳ್ಳುವುದೇ ಆ ಮಂತ್ರದ ಭಾವ. ಕ್ರಿ.ಪೂ. ೧೬ನೆಯ ಶತಮಾನದ ಸುಮಾರಿಗೆ ಸೇರಿದ ಸೊಬೆಕೆಂಸಾಫ್ ಅರಸನ ಹೃದಯ-ಸ್ಕ್ಯಾರಬ್ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಜೀರುಂಡೆಗೆ ಮಾನವಮುಖವಿರುವುದು ವಿಶೇಷ.

ಹಾಗಾದರೆ ಪಾಪಿಯೂ ಕಲ್ಲಿನ ಬಲದಿಂದ ನ್ಯಾಯವನ್ನು ವಂಚಿಸಬಹುದೆ? ಈ ಪ್ರಶ್ನೆಗೆ ಈಜಿಪ್ಟಿನ ವಾಙ್ಮಯದಲ್ಲಿ ಸರಳವಾದ ಉತ್ತರವಿಲ್ಲ. ಮೆರಿಕಾರೆ ಅರಸನಿಗೆ ತಂದೆ ಹೇಳಿದ ಬೋಧೆಯೆಂಬ ರೂಪದ ನೀತಿಗ್ರಂಥವೊಂದರಲ್ಲಿ ಎರಡು ವಿಚಾರಗಳು ಜೊತೆಜೊತೆಯಾಗಿ ಬಂದಿವೆ. ಬಂದೆರಗುವ ವಿಪತ್ತನ್ನು ತಡೆಯಲು ದೇವನೇ ಮಾನವರಿಗೆ ‘ಹೆಕಾ’ ಎಂಬ ಮಂತ್ರಶಕ್ತಿಯನ್ನು ಆಯುಧವಾಗಿ ಕರುಣಿಸಿದ್ದಾನೆ ಎಂಬುದು ಒಂದು. ಕೆಡುಕನು ಅರ್ಪಿಸುವ ಎತ್ತಿಗಿಂತ ಸಜ್ಜನನ ಶೀಲವೇ ದೇವನಿಗೆ ಪ್ರಿಯ ಎಂಬುದು ಇನ್ನೊಂದು. ಮಂತ್ರವನ್ನು ಒಪ್ಪಿದ ಆ ಜನರು ಶೀಲವನ್ನು ಕೈಬಿಡಲಿಲ್ಲ. ಸೂಕ್ಷ್ಮವಾಗಿ ನೋಡಿದರೆ ಹೃದಯ-ಸ್ಕ್ಯಾರಬ್ಬಿನ ಅಸ್ತಿತ್ವವೇ ಒಂದು ತಪ್ಪೊಪ್ಪಿಗೆ. ತನ್ನ ಹೃದಯ ಏನು ಹೇಳೀತೆಂಬ ಅಳುಕು ಇಲ್ಲದವನಿಗೆ ಅದನ್ನು ಮೌನವಾಗಿಸುವ ಕಲ್ಲು ಬೇಡವಾಗಿತ್ತು. ಮನಸ್ಸಾಕ್ಷಿಗೆ ಇಷ್ಟು ಹೆದರಿದ ಜನ ಮನಸ್ಸಾಕ್ಷಿಯನ್ನು ಅರಿಯದವರಾಗಿರಲಿಲ್ಲ.

ಮೈತುಂಬ ಹೊದಿಸಿದ ಹಾರೈಕೆ

ಮೃತದೇಹದ ಮೇಲೆ ರಕ್ಷೆಗಳನ್ನು ಇರಿಸುವುದಕ್ಕೆ ನಿಯತವಾದ ಕ್ರಮವಿತ್ತು. ಹಸ್ತಪ್ರತಿಗಳಲ್ಲಿ ರಕ್ಷೆಗಳ ಪಟ್ಟಿಗಳು ಉಳಿದಿವೆ. ದೆಂದೆರಾ ದೇವಾಲಯದ ಒಸಿರಿಸನ ಗುಡಿಯ ಭಿತ್ತಿಯಲ್ಲಿಯೂ ಅಂಥ ಪಟ್ಟಿ ಕೊರೆದಿದೆ. ೧೯೨೨ರಲ್ಲಿ ಹೋವರ್ಡ್ ಕಾರ್ಟರ್ ಪತ್ತೆಹಚ್ಚಿದ ತುತಾಂಖಾಮನ್ ಅರಸನ ಸಮಾಧಿಯಲ್ಲಿ, ಹದಿಹರೆಯ ದಾಟುವ ಮುನ್ನವೇ ತೀರಿಕೊಂಡ ಆ ಅರಸನ ದೇಹದ ಸುತ್ತುಬಟ್ಟೆಗಳನ್ನು ೧೯೨೫ರ ನವೆಂಬರಿನಲ್ಲಿ ಬಿಚ್ಚಿದಾಗ, ಮಡಿಕೆಗಳ ನಡುವೆ ಒಡವೆ ರಕ್ಷೆಗಳೆಲ್ಲ ಸೇರಿ ೧೪೩ ವಸ್ತುಗಳು ದೊರೆತವು. ತಲೆಯ ಹಿಂದೆ ಕಬ್ಬಿಣದ ಪುಟ್ಟ ತಲೆದಿಂಬಿನ ರಕ್ಷೆಯಿತ್ತು. ಸತ್ತವನ ತಲೆ ಬೀಳದೆ ಮೇಲೇಳಲೆಂಬುದು ಅದರ ಅರ್ಥ. ಚಿನ್ನ ರಾಶಿಬಿದ್ದಿದ್ದ ಆ ಗೋರಿಯಲ್ಲಿ ಅಂದಿಗೆ ಅಪರೂಪವಾಗಿದ್ದುದು ಕಬ್ಬಿಣವೇ. ಜೊತೆಗಿದ್ದ ಕಠಾರಿಯ ಕಬ್ಬಿಣವು ಉಲ್ಕೆಯಿಂದ ಬಂದುದೆಂದು ೨೦೧೬ರಲ್ಲಿ ಪ್ರಕಟವಾದ ಪರೀಕ್ಷೆಗಳು ತೋರಿಸಿವೆ.

ಅರಸನಲ್ಲದ ಬಾಲಕನೊಬ್ಬನ ನಿದರ್ಶನ ಇನ್ನೂ ಹೃದಯಸ್ಪರ್ಶಿಯಾದುದು. ಎದ್ಫು ಸಮೀಪದ ನಾಗ್ ಎಲ್-ಹಸ್ಸಾಯ ಎಂಬ ಶ್ಮಶಾನದಲ್ಲಿ ೧೯೧೬ರಲ್ಲಿ ದೊರೆತು ಕೈರೋ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಬಿಚ್ಚದೆ ಉಳಿದಿದ್ದ ಮಮ್ಮಿಯೊಂದನ್ನು ಸಹರ್ ಸಲೀಮ್ ಮತ್ತು ಸಂಗಡಿಗರು ಕ್ಷಕಿರಣಯಂತ್ರದಿಂದ ಪದರಪದರವಾಗಿ ಪರೀಕ್ಷಿಸಿ ೨೦೨೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಟಾಲೆಮಿ ಅರಸರ ಕಾಲಕ್ಕೆ ಸೇರಿದ ಈ ಹುಡುಗನಿಗೆ ೧೪ ಅಥವಾ ೧೫ ವರ್ಷ. ಅವನ ದೇಹದ ಮೇಲೂ ಒಳಗೂ ೨೧ ಬಗೆಯ ೪೯ ರಕ್ಷೆಗಳು ಮೂರು ಸಾಲಾಗಿ ಜೋಡಿಸಲ್ಪಟ್ಟಿದ್ದವು. ಪರಲೋಕದಲ್ಲಿ ಮಾತಾಡಲೆಂದು ಬಾಯೊಳಗೆ ಚಿನ್ನದ ನಾಲಗೆ. ಎದೆಗೂಡಿನೊಳಗೆ ಚಿನ್ನದ ಹೃದಯ-ಸ್ಕ್ಯಾರಬ್. ಪೆಟ್ಟಿಗೆಯಿಂದ ನಡೆದು ಹೊರಬರಲೆಂದು ಕಾಲಿಗೆ ಪಾದರಕ್ಷೆ. ಮೈಮೇಲೆ ಎಲೆಗಳ ಮಾಲೆ. ಅಂಥ ಬಾಲಕನ ಹೃದಯ ಯಾವ ಪಾಪವನ್ನು ನುಡಿದೀತು? ಆದರೂ ಅವನ ಹೆತ್ತವರು ಯಾವ ರಕ್ಷೆಯನ್ನೂ ಕಡಿಮೆಮಾಡಲಿಲ್ಲ. ಅವನನ್ನು ಬದುಕಿಸಿಕೊಳ್ಳಲಾರದೆ ಹೋದವರು, ಅವನು ಒಂಟಿಯಾಗಿ ನಡೆಯಬೇಕಾದ ಹಾದಿಯ ಒಂದೊಂದು ತಿರುವಿಗೂ ಒಂದೊಂದು ಕಾವಲನ್ನು ಇರಿಸಿ ಕಳುಹಿಸಿದರು.

ಒಟ್ಟಿನಲ್ಲಿ ನೋಡಿದರೆ, ಈಜಿಪ್ಟಿನ ರಕ್ಷೆಗಳು ಸಾವನ್ನು ತಡೆಯಲಿಲ್ಲ. ತೊಟ್ಟಿಲ ಕೂಸುಗಳನ್ನೂ ಹದಿಹರೆಯದ ಅರಸನನ್ನೂ ಉಳಿಸಲಿಲ್ಲ. ಆದರೆ ಜನ ಯಾವುದಕ್ಕೆ ಅಂಜಿದರು, ಯಾರನ್ನು ಪ್ರೀತಿಸಿದರು, ಯಾವುದನ್ನು ಸತ್ಯವೆಂದು ನಂಬಿದರು ಎಂಬುದನ್ನು ಅವು ಶಾಸನಗಳಿಗಿಂತ ಪ್ರಾಮಾಣಿಕವಾಗಿ ಉಳಿಸಿಕೊಟ್ಟಿವೆ. ಚಿಗುರು, ಆಗು, ಗುಣವಾಗು, ಸ್ಥಿರವಾಗಿ ನಿಲ್ಲು — ಈ ಹಾರೈಕೆಗಳನ್ನು ಬಾಯಿಮಾತಿನಲ್ಲಿ ಬಿಡದೆ ಕಲ್ಲಿನಲ್ಲಿ ಕಡೆದು ಪ್ರಿಯರ ಮೈಮೇಲೆ ಇಟ್ಟ ಜನ ಅವರು. ಅವರ ದೇವಾಲಯಗಳಲ್ಲಿ ಇಂದು ಪೂಜೆಯಿಲ್ಲ. ಅವರ ಭಾಷೆಯನ್ನು ಮನೆಮಾತಾಗಿ ಆಡುವವರಿಲ್ಲ. ಹೃದಯವು ತಕ್ಕಡಿಯಲ್ಲಿ ನಿಂತು ತನ್ನ ಒಡೆಯನ ಬಗೆಗೆ ಏನು ಹೇಳೀತೆಂಬ ಅವರ ಅಳುಕು ಮಾತ್ರ ಇಂದಿಗೂ ಹಳೆಯದಾಗಿಲ್ಲ.